ಸಿದ್ದು ಹಲಸು

ಸಿದ್ದು ಹಲಸು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಗುರುತಿಸಲಾದ, ಕೆಂಪು ತೊಳೆಯ ಹಲಸಿನ ತಳಿ. ಮೂಲ ಮರವನ್ನು ನೆಟ್ಟ ರೈತ ಸಿದ್ದಪ್ಪನವರ ಹೆಸರನ್ನೇ ಇದಕ್ಕೆ ಇಡಲಾಗಿದೆ.

ಹಣ್ಣಿನ ಲಕ್ಷಣಗಳು

ಹಲಸಿನ ಹಣ್ಣು 10 ಕಿಲೋಗ್ರಾಂ ಮೀರಿ ತೂಗುವುದು ಸಾಮಾನ್ಯ. ಸಿದ್ದು ಹಣ್ಣಿನ ಸರಾಸರಿ ತೂಕ ಸುಮಾರು 2.5 ಕಿಲೋಗ್ರಾಂ ಮಾತ್ರ. ಆದ್ದರಿಂದ ಚಿಕ್ಕ ಕುಟುಂಬಕ್ಕೆ ಇದು ಅನುಕೂಲ. ತೊಳೆಗಳು ತಾಮ್ರಗೆಂಪು ಬಣ್ಣದವು, ಬಹಳ ಸಿಹಿ. ಸಕ್ಕರೆಯೇ ಮುಖ್ಯವಾಗಿರುವ ಕರಗುವ ಘನಾಂಶ ಸುಮಾರು 31 ಡಿಗ್ರಿ ಬ್ರಿಕ್ಸ್. ಟೊಮೇಟೊಗೆ ಕೆಂಪು ಬಣ್ಣ ನೀಡುವ ಲೈಕೋಪೀನ್, 100 ಗ್ರಾಂ ತೊಳೆಯಲ್ಲಿ ಸುಮಾರು 2 ಮಿಲಿಗ್ರಾಂ ಇರುತ್ತದೆ.

ಸಸ್ಯಾಭಿವೃದ್ಧಿ

ಹಲಸಿನಲ್ಲಿ ಬೇರೆ ಮರಗಳ ಪರಾಗವೂ ಬೆರೆಯುವುದರಿಂದ, ಬೀಜದಿಂದ ಹುಟ್ಟಿದ ಸಸಿಗೆ ತಾಯಿಮರದ ಗುಣ ಬರುವ ಖಾತ್ರಿಯಿಲ್ಲ. ಮೂಲ ಮರ ಒಣಗಿದರೆ ತಳಿಯೇ ಅಳಿಯುವ ಸಂಭವವಿತ್ತು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹಿರೇಹಳ್ಳಿ ಕೇಂದ್ರವು ಆ ಮರದ ಕುಡಿಗಳನ್ನು ಬೇರೆ ಹಲಸಿನ ಸಸಿಗಳಿಗೆ ಕಸಿ ಮಾಡಿ ತಳಿಯನ್ನು ಹೆಚ್ಚಿಸಿತು. ಕಸಿ ಗಿಡ ಬೀಜದ ಗಿಡಕ್ಕಿಂತ ಬೇಗ ಫಲಕ್ಕೆ ಬರುತ್ತದೆ. ಸಂಸ್ಥೆಯ ಒಪ್ಪಂದದಂತೆ, ಗಿಡಗಳ ಮಾರಾಟದಿಂದ ಬಂದ ಹಣದಲ್ಲಿ ಶೇಕಡಾ 75 ಪಾಲು ಮರವನ್ನು ಕಾಪಾಡಿದ ರೈತರಿಗೆ ಸಲ್ಲುತ್ತದೆ. ಇದೇ ತಾಲ್ಲೂಕಿನ ‘ಶಂಕರ’ ಕೂಡ ರೈತರ ತೋಟದಲ್ಲಿ ದೊರೆತ ಕೆಂಪು ತೊಳೆಯ ತಳಿಯಾಗಿದೆ.