ಮುತ್ತಜ್ಜ ಯಾವ ಪಲ್ಟನ್ನಿನಲ್ಲಿದ್ದರು?

"ನಮ್ಮ ಪರದಾದಾ ಫೌಜಿನಲ್ಲಿದ್ದರಂತೆ" ಎಂಬ ಮಾತು ನಿಮ್ಮ ಮನೆಯಲ್ಲೂ ಕೇಳಿಬಂದಿರಬಹುದು. ಈದ್ ದಿನ ಎಲ್ಲರೂ ಸೇರಿದಾಗ ಯಾರಾದರೂ ಹಿರಿಯರು ಈ ಮಾತೆತ್ತುತ್ತಾರೆ. ಯಾವ ಫೌಜು, ಯಾವ ಯುದ್ಧ, ಹೋದವರು ಮರಳಿ ಬಂದರೇ ಎಂದು ಮಕ್ಕಳು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಇದನ್ನು ಬಲ್ಲವರು ಮನೆಯಲ್ಲಿ ಒಬ್ಬರು ಉಳಿದಿದ್ದರೆ ಅದು ಹೆಚ್ಚಾಗಿ ಎಂಬತ್ತು ದಾಟಿದ ದಾದಿಯೋ ನಾನಿಯೋ ಆಗಿರುತ್ತಾರೆ. ಗ್ರಂಥಾಲಯ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಮೊದಲು ಅವರ ಬಳಿ ಕುಳಿತುಕೊಳ್ಳಿ.

ಅವರಲ್ಲಿ ಇಸವಿ ಕೇಳಬೇಡಿ, ಅದು ನೆನಪಿರುವುದಿಲ್ಲ. ಮುತ್ತಜ್ಜ ಯುದ್ಧಕ್ಕೆ ಹೋದಾಗ ಮನೆಯಲ್ಲಿ ಯಾವ ಮಗು ತೊಟ್ಟಿಲಲ್ಲಿತ್ತು, ಪಿಂಚಣಿ ಯಾವ ಊರಿನಿಂದ ಬರುತ್ತಿತ್ತು, ಅದನ್ನು ತರಲು ಯಾರು ಹೋಗುತ್ತಿದ್ದರು ಎಂದು ಕೇಳಿ. ತಂದೆಯ ಹೆಸರು, ಆಗಿನ ಹಳ್ಳಿ ಮತ್ತು ತಾಲೂಕಿನ ಹೆಸರನ್ನು ಬರೆದುಕೊಳ್ಳಿ. ಮುಂದೆ ಹುಡುಕಾಟಕ್ಕೆ ಉಪಯೋಗಕ್ಕೆ ಬರುವುದು ಇಂತಹ ಮಾತುಗಳೇ.

ಆಮೇಲೆ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ. ಅದರ ಬೀಗದ ಕೈ ಹೇಗೂ ನಮ್ಮ ಸೆರಗಿನಲ್ಲೇ ಇರುತ್ತದಲ್ಲ! ಪದಕವೇನಾದರೂ ಸಿಕ್ಕರೆ ಅದರ ಮುಖಕ್ಕಿಂತ ಅಂಚನ್ನು ಗಮನವಿಟ್ಟು ನೋಡಿ. ಒಂದನೇ ಮಹಾಯುದ್ಧದ ಬಳಿಕ ಬ್ರಿಟಿಷ್ ಸರಕಾರ ಕೊಟ್ಟ ಯುದ್ಧ ಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಲ್ಟನ್ನಿನ ಹೆಸರು ಸಣ್ಣ ಅಕ್ಷರದಲ್ಲಿ ಕೊರೆದಿರುತ್ತದೆ. ಭೂತಗನ್ನಡಿ ಬೇಕಾಗುತ್ತದೆ. ಬೂದಿ ಹಚ್ಚಿ ಉಜ್ಜಿ ತೊಳೆಯಲು ಹೋಗಬೇಡಿ, ಅಕ್ಷರ ಸವೆಯುತ್ತದೆ. ಈ ಪದಕ ಬೆಳ್ಳಿಯದು. ಕಷ್ಟ ಬಂದಾಗ ಅಕ್ಕಸಾಲಿಗನ ಕುಲುಮೆ ಸೇರಿದ್ದರೆ ಆ ಮನೆಯವರನ್ನು ದೂರುವಂತಿಲ್ಲ.

ಕಾಗದಪತ್ರ ಸಿಕ್ಕಿದರೆ ಅದು ಉರ್ದುವಿನಲ್ಲಿರುವ ಸಾಧ್ಯತೆಯೇ ಹೆಚ್ಚು. ನಿಜಾಮರ ಆಡಳಿತದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಕಡೆಯ ಕಾಗದಗಳಲ್ಲಿ ಇಸವಿಯ ಬಗ್ಗೆ ಎಚ್ಚರವಿರಲಿ. ಅಲ್ಲಿ 1327 ಎಂದು ಬರೆದಿದ್ದರೆ ಅದು ಹಿಜರಿಯೋ ಫಸಲಿಯೋ ಎಂದು ನೋಡಬೇಕು. ಹಿಜರಿಯಾದರೆ ಅದು 1909ರ ಕಾಗದ. ಹೈದರಾಬಾದಿನ ಸರಕಾರಿ ಲೆಕ್ಕದ ಫಸಲಿಯಾದರೆ 1917-18ರದ್ದು, ಅಂದರೆ ಯುದ್ಧದ ಕಾಲದ್ದು. ಒಂದೇ ಅಂಕಿ, ಅರ್ಥ ಎರಡು.

ಹೆಚ್ಚಿನವರು ದಾರಿ ತಪ್ಪುವುದು ಇದರ ನಂತರದ ಹಂತದಲ್ಲಿ. 'ಫೌಜು' ಎಂದರೆ ಆಗ ಒಂದೇ ಸೈನ್ಯವಲ್ಲ. ಮೈಸೂರು ಮಹಾರಾಜರ ಸೈನ್ಯ ಬೇರೆ, ನಿಜಾಮರ ಸ್ವಂತ ಸೈನ್ಯ ಬೇರೆ, ಬ್ರಿಟಿಷರ ಭಾರತೀಯ ಸೇನೆ ಬೇರೆ. ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆಯ ಹೆಸರು ನಿಜಾಮರ ರಾಜ್ಯದ್ದು, ಅಧಿಕಾರಿಗಳು ಬ್ರಿಟಿಷರು. 1903ರಲ್ಲಿ ಅದು ಭಾರತೀಯ ಸೇನೆಯಲ್ಲಿ ಸೇರಿಹೋಯಿತು. ಅದರ ಕುದುರೆ ದಳಗಳಲ್ಲಿ ಒಂದು 20ನೇ ಡೆಕ್ಕನ್ ಹಾರ್ಸ್. 1916ರ ಜುಲೈ 14ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಭರ್ಜಿ ಹಿಡಿದು ನುಗ್ಗಿದ ಸವಾರರು ಆ ದಳದವರು. ಆದ್ದರಿಂದ ಗ್ರಂಥಾಲಯಕ್ಕೆ ಹೋಗಿ "ನಮ್ಮಜ್ಜನ ಬಗ್ಗೆ ಪುಸ್ತಕ ಇದೆಯೇ?" ಎಂದು ಕೇಳಿದರೆ ಇಲ್ಲವೆಂಬ ಉತ್ತರವೇ ಸಿಗುತ್ತದೆ. ಪಲ್ಟನ್ನಿನ ಹೆಸರು ಹೇಳಿ ಕೇಳಿದರೆ ಅದರ ಇತಿಹಾಸ ಸಿಗುತ್ತದೆ. ಸಿಪಾಯಿಯ ಹೆಸರು ಸಿಗದಿದ್ದರೂ ಆತ ಯಾವ ಹಡಗು ಹತ್ತಿದ, ಯಾವ ಮರಳುಗಾಡಿನಲ್ಲಿ ಡೇರೆ ಹಾಕಿದ ಎಂಬುದು ತಿಳಿಯುತ್ತದೆ.

ಮೈಸೂರಿನ ಕಡೆಯವರಿಗೆ ಮೊದಲು ನೋಡಬೇಕಾದ ಹೆಸರು ಮೈಸೂರು ಲ್ಯಾನ್ಸರ್ಸ್. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ಸೇರಿ ಇವರು ಹೈಫಾ ಪಟ್ಟಣವನ್ನು ಗೆದ್ದರು. ಎದುರಿಗಿದ್ದದ್ದು ತುರ್ಕಿ ಮತ್ತು ಜರ್ಮನ್ ಸೈನಿಕರು. ಲ್ಯಾನ್ಸರ್ಸ್‌ನಲ್ಲಿ ಮುಸ್ಲಿಮ್ ಸವಾರರೂ ಇದ್ದರು. ಖಲೀಫರೆಂದು ಗೌರವಿಸುತ್ತಿದ್ದ ಸುಲ್ತಾನರ ಸೈನ್ಯದ ವಿರುದ್ಧವೇ ಅವರು ಕುದುರೆ ಓಡಿಸಬೇಕಾಯಿತು. ಇದೇ ಸಂಕಟ ಬೇರೆಡೆ ಸ್ಫೋಟಿಸಿದ್ದೂ ಉಂಟು. ತಮ್ಮನ್ನು ತುರ್ಕಿಯರ ಮೇಲೆ ಕಳಿಸುತ್ತಾರೆಂಬ ಸುದ್ದಿ ಹಬ್ಬಿ 1915ರ ಫೆಬ್ರವರಿಯಲ್ಲಿ ಸಿಂಗಾಪುರದಲ್ಲಿ 5ನೇ ಲೈಟ್ ಇನ್‌ಫೆಂಟ್ರಿಯ ಸಿಪಾಯಿಗಳು ದಂಗೆಯೆದ್ದರು. ಹೈಫಾಕ್ಕೆ ಹೋದ ನಿಮ್ಮ ಮುತ್ತಜ್ಜ ಮನಸ್ಸಿನಲ್ಲಿ ಏನೆಂದುಕೊಂಡರೋ, ಅದನ್ನು ಯಾವ ರಿಜಿಸ್ಟರೂ ಹೇಳುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಒಂದು ಮಾತು ಹೇಳಿದ್ದರೆ ಅದೇ ದಾಖಲೆ. ಈ ದಳದ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದ ಮುನಿರೆಡ್ಡಿಪಾಳ್ಯದಲ್ಲಿದೆ. ಮಕ್ಕಳಿಗೆ ರಜೆ ಇದ್ದಾಗ ಕರೆದುಕೊಂಡು ಹೋಗಬಹುದು.

ಓದುವ ಕೆಲಸವನ್ನು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದಿಂದ ಆರಂಭಿಸಬಹುದು. ಹಯವದನರಾಯರ ಮೈಸೂರು ಗೆಜೆಟಿಯರ್ ಕೇಳಿ. ಮೂಲ ಕಡತ ಬೇಕಿದ್ದರೆ ಕರ್ನಾಟಕ ರಾಜ್ಯ ಪತ್ರಾಗಾರ, ನಿಜಾಮರ ಕಡೆಯದಾದರೆ ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣದ ಪತ್ರಾಗಾರ. ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದ ಎಷ್ಟೋ ಕಡತಗಳನ್ನು 'ಅಭಿಲೇಖ್ ಪಟಲ್' ಎಂಬ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ಪತ್ರಾಗಾರಕ್ಕೆ ಹೋಗುವಾಗ ಗುರುತಿನ ಚೀಟಿ ಜೊತೆಗಿರಲಿ. ಅನುಮತಿ ಕೇಳದೆ ಫೋಟೋ ತೆಗೆಯಬೇಡಿ.

ಯುದ್ಧದಿಂದ ಮರಳದವರ ವಿಷಯ ಬೇರೆ. ಎರಡೂ ಮಹಾಯುದ್ಧಗಳಲ್ಲಿ ಮಡಿದವರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ ತನ್ನ ಜಾಲತಾಣದಲ್ಲಿಟ್ಟಿದೆ, ಹುಡುಕಲು ಹಣ ಕೊಡಬೇಕಾಗಿಲ್ಲ. ಒಂದನೇ ಯುದ್ಧದಲ್ಲಿ ಸತ್ತ ಭಾರತೀಯರೇ 74 ಸಾವಿರಕ್ಕೂ ಹೆಚ್ಚು. ಅನೇಕ ಹೆಸರುಗಳ ಮುಂದೆ ತಂದೆಯ ಹೆಸರು, ಹಳ್ಳಿ, ಜಿಲ್ಲೆಯೂ ಇರುತ್ತದೆ. ಆದರೆ ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರುಗಳಿವು. ಸಯ್ಯದ್, ಶೇಖ್, ಮುಹಮ್ಮದ್ ಇವುಗಳನ್ನು ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟನ್ನೂ ಹಾಕಿ ನೋಡಿ. ಎರಡನೇ ಯುದ್ಧದಲ್ಲಿ ಬರ್ಮಾ, ಸಿಂಗಾಪುರ ಕಡೆ ಹೋದವರ ಗೋರಿ ಸಿಗದಿದ್ದರೆ ರಂಗೂನ್ ಅಥವಾ ಸಿಂಗಾಪುರ ಸ್ಮಾರಕದ ಕಲ್ಲಿನಲ್ಲಿ ಹೆಸರಿರಬಹುದು.

ನಿಮ್ಮವರು ಯಾರಾದರೂ ಲಂಡನ್ನಿನಲ್ಲಿದ್ದರೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳ ಬಗ್ಗೆ ಹೇಳಿ. ಸಾಮಾನ್ಯ ಸಿಪಾಯಿಗಳ ಸೇವಾ ಪುಸ್ತಕ ಅಲ್ಲಿ ಸಿಗುವುದು ಅಪರೂಪ. ಆದರೆ ಫ್ರಾನ್ಸಿನಿಂದ ಸಿಪಾಯಿಗಳು ಮನೆಗೆ ಬರೆದ, ಸೆನ್ಸಾರ್ ಅಧಿಕಾರಿಗಳು ಓದಿ ಇಂಗ್ಲಿಷಿಗೆ ಇಳಿಸಿಕೊಂಡ ಪತ್ರಗಳ ಕಟ್ಟು ಅಲ್ಲಿದೆ. ಅದರಿಂದ ಆಯ್ದ ಪತ್ರಗಳನ್ನು ಡೇವಿಡ್ ಒಮಿಸ್ಸಿ 1999ರಲ್ಲಿ ಪುಸ್ತಕವಾಗಿ ತಂದರು. ಬೇರೆಯವರು ಓದುತ್ತಾರೆಂದು ಗೊತ್ತಿದ್ದೂ ಆ ಸಿಪಾಯಿಗಳು ಮನೆಗೆ ಪತ್ರ ಬರೆಸುತ್ತಿದ್ದರು.

ಇಷ್ಟೆಲ್ಲ ಹುಡುಕಿದರೂ ಒಂದು ಹೆಸರು ಸಿಗುವುದು ಕಷ್ಟ: ಮುತ್ತಜ್ಜಿಯದು. ಸೈನ್ಯದ ದಾಖಲೆಯಲ್ಲಿ ಹೆಂಡತಿ ಕಾಣಿಸಿಕೊಳ್ಳುವುದು ವಿಧವೆಯಾಗಿ ಪಿಂಚಣಿಗೆ ಹೆಬ್ಬೆಟ್ಟು ಒತ್ತಿದಾಗಲೇ. ವಂಶವೃಕ್ಷ ಬರೆಯುವಾಗಲೂ ನಾವು ಅಪ್ಪ, ಅಜ್ಜ, ಮುತ್ತಜ್ಜ ಎಂದು ಒಂದೇ ಗೆರೆ ಎಳೆಯುತ್ತೇವೆ. ನೂರ್ ಇನಾಯತ್ ಖಾನ್ ಅವರ ವಂಶವನ್ನು ಹಾಗೆ ಬರೆದಿದ್ದರೆ ಮೈಸೂರು ಅದರಲ್ಲಿ ಬರುತ್ತಲೇ ಇರಲಿಲ್ಲ. ಎರಡನೇ ಯುದ್ಧದಲ್ಲಿ ಬ್ರಿಟಿಷರ ಪರವಾಗಿ ಪ್ಯಾರಿಸಿನಿಂದ ಗುಪ್ತವಾಗಿ ವಯರ್‌ಲೆಸ್ ಸಂದೇಶ ಕಳಿಸುತ್ತಿದ್ದು, 1944ರ ಸೆಪ್ಟೆಂಬರ್‌ನಲ್ಲಿ ಡಾಖೌ ಶಿಬಿರದಲ್ಲಿ ನಾಝಿಗಳ ಗುಂಡಿಗೆ ಬಲಿಯಾದವರು ಅವರು. ತಾವು ಟಿಪ್ಪು ಸುಲ್ತಾನರ ಸಂತತಿ ಎಂಬುದು ಆ ಕುಟುಂಬ ಹೇಳಿಕೊಂಡು ಬಂದ ಮಾತು. ಆ ಸಂಬಂಧ ಬಂದದ್ದು ತಂದೆ ಹಝ್ರತ್ ಇನಾಯತ್ ಖಾನರ ತಾಯಿ, ಆ ತಾಯಿಯ ತಾಯಿ, ಹೀಗೆ ಹೆಣ್ಣುಮಕ್ಕಳ ಕಡೆಯಿಂದ.

ನಿಮ್ಮ ಮನೆಯ ಹೆಣ್ಣುಮಕ್ಕಳ ಹೆಸರಿಗೆ ಒಳ್ಳೆಯ ಆಧಾರ ಮಸೀದಿಯ ಅಥವಾ ಖಾಝಿಯವರ ಹಳೆಯ ನಿಕಾಹ್ ರಿಜಿಸ್ಟರು. ವಧುವಿನ ಹೆಸರು, ಆಕೆಯ ತಂದೆಯ ಹೆಸರು, ಮಹ್ರ್ ಎಷ್ಟು, ಸಾಕ್ಷಿಗಳು ಯಾರು ಎಂಬುದು ಅದರಲ್ಲಿರುತ್ತದೆ. ಹಳೆಯ ಪುಸ್ತಕಗಳನ್ನು ಗೆದ್ದಲು ತಿನ್ನುವ ಮೊದಲೇ ಜಮಾಅತಿನವರನ್ನು ಕೇಳಿ. ಹೋಗುವಾಗ ಹಳೆಯ ಕೈಬರಹದ ಉರ್ದು ಓದಬಲ್ಲ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಬೆಳಕು ಚೆನ್ನಾಗಿರುವ ಹೊತ್ತಿನಲ್ಲಿ ಹೋದರೆ ಒಳ್ಳೆಯದು, ಆ ಶಾಯಿ ಬಹಳ ಮಾಸಿರುತ್ತದೆ.