ಲೇಸರ್ ಅರ್ಧ ಗಂಟೆ, ಆರೈಕೆ ಏಳು ತಿಂಗಳು

ಜಗಳೂರು ಕಡೆಯ ನನ್ನ ನಾಲ್ಕೂವರೆ ಎಕರೆ ಹೊಲದಲ್ಲಿ ನೆರಳು ಅಂತ ಇರೋದು ಒಂದೇ ಬೇವಿನ ಮರ. 35 ವರ್ಷದಿಂದ ಮಳೆ ನಂಬಿ ಶೇಂಗಾ, ತೊಗರಿ, ರಾಗಿ ಬೆಳೀತಿದ್ದೇನೆ. ತಲೆಗೆ ಟವೆಲ್ ಸುತ್ತೋದು ಬಿಟ್ಟರೆ ಮುಖದ ಬಗ್ಗೆ ಯೋಚಿಸಿದವನಲ್ಲ. ಬಲಗೆನ್ನೆಯ ಮೂಳೆ ಮೇಲೆ ಒಂದು ಒರಟು ಕಲೆ ಎದ್ದಿತ್ತು. ಕ್ಷೌರ ಮಾಡಿಸಿದಾಗೆಲ್ಲ ರಕ್ತ ಬರೋದು, ಒಣಗೋದು, ಮತ್ತೆ ಸುಲಿಯೋದು. ಹೀಗೇ ಒಂದು ವರ್ಷ ತಳ್ಳಿದೆ.

ಮಗಳು ಬಿಡಲಿಲ್ಲ. 2024ರ ಅಕ್ಟೋಬರಿನಲ್ಲಿ ದಾವಣಗೆರೆಗೆ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆ ಮೇಡಂ ಮೊದಲು ಕೇಳಿದ್ದು ಹೊಲದಲ್ಲಿ ಪಾರ್ಥೇನಿಯಂ ಇದೆಯಾ ಅಂತ. ಆ ಕಳೆ ಆಗದವರಿಗೂ ಮುಖ, ಕತ್ತು ಕಪ್ಪಾಗಿ ದಪ್ಪಗಾಗುತ್ತದಂತೆ. ನನ್ನದು ಅದಲ್ಲ. ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. "ಕ್ಯಾನ್ಸರ್ ಅಲ್ಲ ಯಜಮಾನ್ರೇ, ಬಿಸಿಲಿಗೆ ಕೆಟ್ಟಿರೋ ಚರ್ಮ. ಆದ್ರೆ ಹಂಗೇ ಬಿಟ್ರೆ ಮುಂದೆ ಅತ್ತ ತಿರುಗಬಹುದು" ಅಂದರು. ಕಲೆ ಒಂದೇ ಆಗಿದ್ದರೆ ಬೇರೆ ದಾರಿ ಇತ್ತು. ಕೆನ್ನೆಯಿಂದ ಕಿವಿಯವರೆಗೂ ಹರಡಿದ್ದರಿಂದ ಲೇಸರಿನಿಂದ ಮೇಲ್ಪದರವನ್ನೇ ತೆಗೆಯೋಣ ಅಂತಾಯಿತು. ಆದರೆ ಕೂಡಲೇ ಅಲ್ಲ. ಬಿಸಿಲಿಗೆ ಕಪ್ಪಾಗಿರುವ ಮುಖಕ್ಕೆ ಲೇಸರ್ ಹಾಕಿದರೆ ಮತ್ತೆ ಕಲೆ ಬೀಳೋದು ಜಾಸ್ತಿ. ಅದಕ್ಕೇ ಒಂದೂವರೆ ತಿಂಗಳು ನೆರಳಲ್ಲಿದ್ದು ಬನ್ನಿ ಅಂದರು. ಶೇಂಗಾ ಕಿತ್ತು ಮುಗಿಸಿ ಡಿಸೆಂಬರಿನಲ್ಲಿ ಹೋದೆ. ಎಲ್ಲಾ ಸೇರಿ 14 ಸಾವಿರ ಆಯಿತು. ಒಂದು ಟಗರು ಮಾರಿದೆ.

ಮರಗಟ್ಟೋ ಮುಲಾಮು ಹಚ್ಚಿ, ಕಣ್ಣು ಮುಚ್ಚಿ, ಅರ್ಧ ಗಂಟೆಯಲ್ಲಿ ಮುಗಿಸಿದರು. ಕೂದಲು ಸುಟ್ಟ ವಾಸನೆ ಬಂತು, ಅಷ್ಟೆ. ನೋವು ಶುರುವಾಗಿದ್ದು ಊರಿಗೆ ಬಂದ ಮೇಲೆ. ಖಾರ ಮೆತ್ತಿದ ಹಾಗೆ ಉರಿ. ಬೆಳಗಾಗುವಷ್ಟರಲ್ಲಿ ಕಣ್ಣು ಮುಚ್ಚುವಷ್ಟು ಊತ, ಹಳದಿ ನೀರು ಸೋರುತ್ತಿತ್ತು. ಮೂರು ದಿನ ಹೀಗೇ. ಎರಡು ದಿಂಬು ಇಟ್ಟು ತಲೆ ಎತ್ತರ ಮಾಡಿ ಮಲಗಿದ್ದಕ್ಕೆ ಊತ ಇಳೀತು.

ಗಾಯ ಅಂದರೆ ಒಣಗಬೇಕು ಅಂತಲೇ ನಾವು ತಿಳಿದಿರೋದು. ಇಲ್ಲಿ ಉಲ್ಟಾ, ಒಣಗಲೇಬಾರದು. ಕುದಿಸಿ ಆರಿಸಿದ ನೀರಲ್ಲಿ ದಿನಕ್ಕೆ ನಾಲ್ಕೈದು ಸಲ ಮೆತ್ತಗೆ ತೊಳೆದು ವ್ಯಾಸಲೀನ್ ದಪ್ಪಗೆ ಹಚ್ಚಬೇಕು. ಯಾಕೆ ಅಂತ ಕೇಳಿದೆ. ಹೊಸ ಚರ್ಮ ಕೂದಲಿನ ಬುಡಗಳಿಂದ ಹುಟ್ಟಿ ಅಕ್ಕಪಕ್ಕ ಹರಡುತ್ತದಂತೆ. ಜೋಳದ ಕೂಳೆ ಚಿಗುರಿದ ಹಾಗೆ ಅಂದುಕೊಂಡೆ. ಬಿತ್ತಿದ ಮೇಲೆ ನೆಲ ಹೆಪ್ಪುಗಟ್ಟಿದರೆ ಮೊಳಕೆ ಏಳಲ್ಲ, ಹಾಗೇ ಗಟ್ಟಿ ಹಕ್ಕಳೆ ಕಟ್ಟಿದರೆ ಚರ್ಮ ನಿಧಾನ. ಹಕ್ಕಳೆ ಕೀಳುವುದೂ ತಪ್ಪು, ಗುಳಿ ಬೀಳುತ್ತೆ. ತುಟಿ ಸುತ್ತ ನೀರುಗುಳ್ಳೆ ಏಳದಿರಲಿ ಅಂತ ಮಾತ್ರೆ ಇತ್ತು. ಸಗಣಿ, ಒಲೆ ಹೊಗೆ, ಬೀಡಿ ಎಲ್ಲಾ ಬಂದ್. ಕೊನೆಯದೇ ಕಷ್ಟವಾಯಿತು.

ಪಕ್ಕದ ಮನೆ ಅಜ್ಜಿ ಅರಿಶಿನ ತಂದಳು. ಇನ್ನೊಬ್ಬರು ಮೆಡಿಕಲ್ ಸ್ಟೋರಿನ ಟ್ಯೂಬು ತಂದರು, "ನಮ್ಮ ಸೊಸೆಗೆ ಬೆಳ್ಳಗಾಯ್ತು" ಅಂತ. ಫೋನ್ ಮಾಡಿ ಕೇಳಿದರೆ ಮೇಡಂ ಬೈದರು. ಅದರಲ್ಲಿ ಸ್ಟೀರಾಯ್ಡ್ ಇರುತ್ತೆ, ಕೇಳದೆ ಹಚ್ಚುತ್ತಾ ಹೋದರೆ ಚರ್ಮ ಕಾಗದದಂತೆ ತೆಳುವಾಗುತ್ತೆ.

ಹತ್ತನೇ ದಿನಕ್ಕೆ ಹೊಸ ಚರ್ಮ ಬಂತು, ಮಾವಿನ ಚಿಗುರಿನಂತೆ ಕೆಂಪಗೆ. ರಾತ್ರಿ ಕೆರೆತ. ಕಟ್ಟೆ ಮೇಲೆ ಕೂತವರು "ಗೌಡ್ರು ಮದುವೆಗೆ ರೆಡಿಯಾಗ್ತಿದಾರೆ" ಅಂತ ನಗುತ್ತಿದ್ದರು. ನಾನೂ ವಾಸಿಯಾಯಿತು ಅಂದುಕೊಂಡೆ. ಅಲ್ಲೇ ಎಡವಿದ್ದು.

ಹದಿನಾರನೇ ದಿನ ತೊಗರಿ ಒಕ್ಕೋ ಮಿಷನ್ ಬಂತು. ಇವತ್ತು ಬಿಟ್ಟರೆ ಮತ್ತೆ ವಾರಕ್ಕೆ. ಮೋಡ ಇದೆಯಲ್ಲ ಅಂತ ಟವೆಲ್ ಸುತ್ತಿ 11ರಿಂದ 2ರ ತನಕ ನಿಂತೆ. ಅವತ್ತು ಏನೂ ಕಾಣಲಿಲ್ಲ. ಎರಡು ವಾರಕ್ಕೆ ಲೇಸರ್ ಹಾಕಿದಷ್ಟೂ ಜಾಗ ಮಸಿ ಬಳಿದ ಹಾಗಾಯಿತು. ಮೊದಲಿಗಿಂತ ಕಪ್ಪು. "ಟಗರೂ ಹೋಯ್ತು, ಮುಖವೂ ಹೋಯ್ತು" ಅಂದಳು ಮನೆಯಾಕೆ. ಉತ್ತರ ಕೊಡಲಾಗಲಿಲ್ಲ.

ನಮ್ಮಂಥ ಕಂದು ಚರ್ಮ ಸುಟ್ಟ ಮೇಲೆ ಕಪ್ಪು ಬಣ್ಣವನ್ನು ಬೇಗ ತಯಾರಿಸುತ್ತದೆ, ಬಿಸಿಲು ಬಿದ್ದರೆ ಇನ್ನೂ ಹೆಚ್ಚು. ಮೋಡ ಎಲ್ಲವನ್ನೂ ತಡೆಯಲ್ಲ, ತೆಳು ಟವೆಲಿನ ಸಂದಿಯಲ್ಲೂ ಇಳಿಯುತ್ತೆ. ಇದನ್ನು ಮೇಡಂ ಮೊದಲೇ ಹೇಳಿದ್ದರು, ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಹೊಲಕ್ಕೆ ಆರಕ್ಕೆ ಹೋಗಿ ಹತ್ತಕ್ಕೆ ವಾಪಸ್, ಮತ್ತೆ ನಾಲ್ಕರ ಮೇಲೆ. ಸುತ್ತಲೂ ಅಗಲ ಅಂಚಿನ ಟೋಪಿ, ಕತ್ತಿಗೆ ದಪ್ಪ ಬಟ್ಟೆ. ಎಸ್‌ಪಿಎಫ್ 30ಕ್ಕಿಂತ ಮೇಲಿನ ಸನ್‌ಸ್ಕ್ರೀನ್ ಎರಡು ಬೆರಳುದ್ದ ಹಿಂಡಿ ಮುಖ, ಕತ್ತಿಗೆ ಹಚ್ಚೋದು. ಬೆವರಿದರೆ, ಇಲ್ಲವೇ ಎರಡು ಗಂಟೆಗೊಮ್ಮೆ ಮತ್ತೆ. ರಾತ್ರಿಗೆ ಅವರು ಬರೆದುಕೊಟ್ಟ ಮುಲಾಮು. ಕಪ್ಪು ತಿಳಿಯಾಗಲು ಮುಂಗಾರು ಬಿತ್ತನೆ ದಾಟಿ ಜುಲೈ ಬಂತು. ಒರಟು ಕಲೆ ಮಾತ್ರ ಮತ್ತೆ ಎದ್ದಿಲ್ಲ. ಆರು ತಿಂಗಳಿಗೊಮ್ಮೆ ತೋರಿಸಿ ಬರ್ತೇನೆ.

ಕಳೆದ ಸಲ ಮನೆಯಾಕೆಯೂ ಬಂದಿದ್ದಳು. ಅವಳ ಕೆನ್ನೆಯಲ್ಲಿ ಹತ್ತು ವರ್ಷದ ಬಂಗು ಇದೆ. ಲೇಸರ್ ಮಾಡಿ ಅಂತ ಅವಳೇ ಕೇಳಿದಳು. "ಬಂಗಿಗೆ ಬಿಸಿಲೇ ಗೊಬ್ಬರ ಅಮ್ಮಾ, ಮೊದಲು ಅದನ್ನ ನಿಲ್ಸಿ" ಅಂದರು ಮೇಡಂ. ನನಗೊಬ್ಬನಿಗೆ ತಿಂಗಳು ಬರುತ್ತಿದ್ದ ಸನ್‌ಸ್ಕ್ರೀನ್ ಟ್ಯೂಬು ಈಗ ಹದಿನೈದು ದಿನಕ್ಕೇ ಖಾಲಿ.