ಯಂತ್ರ ಓದಿದ ಪುಸ್ತಕಕ್ಕೆ ಪ್ರತಿಫಲ ಯಾರಿಗೆ?

ಕತೆ ಬರೆಯುವ, ಚಿತ್ರ ಬಿಡಿಸುವ, ಹಾಡು ಕಟ್ಟುವ ಯಂತ್ರಗಳು ಈಗ ಮನೆಮಾತಾಗಿವೆ. ಕೃತಕ ಬುದ್ಧಿಮತ್ತೆ ಎಂದು ಇದಕ್ಕೆ ಹೆಸರು. ಈ ಯಂತ್ರಗಳು ಶೂನ್ಯದಿಂದ ಏನನ್ನೂ ಸೃಷ್ಟಿಸುವುದಿಲ್ಲ. ಮನುಷ್ಯರು ಬರೆದ ಲಕ್ಷಾಂತರ ಪುಸ್ತಕ, ಪತ್ರಿಕೆಗಳನ್ನು ಓದಿಸಿ, ಯಾವ ಪದದ ಬಳಿಕ ಯಾವ ಪದ ಬರುವುದೆಂಬುದನ್ನು ಅವುಗಳಿಗೆ ಕಲಿಸಲಾಗಿದೆ. ಆದುದರಿಂದ ಕಾನೂನಿನ ಮುಂದೆ ಎರಡು ಪ್ರಶ್ನೆಗಳು ಎದ್ದಿವೆ. ಯಂತ್ರ ಬರೆದುದರ ಒಡೆಯ ಯಾರು? ಯಂತ್ರ ಓದಿದುದಕ್ಕೆ ಪ್ರತಿಫಲ ಯಾರಿಗೆ?

ಮೊದಲ ಪ್ರಶ್ನೆಗೆ ಹಲವು ನ್ಯಾಯಾಲಯಗಳು ಒಂದೇ ದಾರಿಯ ಉತ್ತರ ಕೊಟ್ಟಿವೆ. ಅಮೇರಿಕದ ಸ್ಟೀಫನ್ ಥೇಲರ್ ಎಂಬವರು ತಮ್ಮ ಯಂತ್ರ ತಾನಾಗಿ ರಚಿಸಿದ ಚಿತ್ರವೊಂದಕ್ಕೆ ಯಂತ್ರವನ್ನೇ ಕರ್ತೃವೆಂದು ಹೆಸರಿಸಿ ಕೃತಿಸ್ವಾಮ್ಯ ಕೇಳಿದರು. 2023ರಲ್ಲಿ ಅಲ್ಲಿನ ಜಿಲ್ಲಾ ನ್ಯಾಯಾಲಯವೂ 2025ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಒಪ್ಪಲಿಲ್ಲ. ಕರ್ತೃ ಮನುಷ್ಯನೇ ಆಗಿರಬೇಕು ಎಂದುವು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ ಅದು ರಚನೆಯಾಗುವಂತೆ ಮಾಡಿದ ವ್ಯಕ್ತಿಯೇ ಕರ್ತೃ. ಆದರೆ ಒಂದು ಸಾಲಿನ ಅಪ್ಪಣೆ ಕೊಟ್ಟು ಸುಮ್ಮನೆ ಕುಳಿತವನೂ ಕರ್ತೃವೆನಿಸುವನೇ ಎಂಬುದು ಚರ್ಚೆಯ ವಿಷಯ.

ಎರಡನೆಯ ಪ್ರಶ್ನೆಯೇ ನಮಗೆ ಹತ್ತಿರದ್ದು. ನಮ್ಮ ಕಾಯಿದೆಯಂತೆ ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷಗಳ ತನಕ ಕೃತಿಸ್ವಾಮ್ಯ ಉಳಿಯುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ನಿಧನರಾದುದು 1963ರಲ್ಲಿ. ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಆರಂಭದಿಂದ ಎಲ್ಲರ ಸೊತ್ತು. ಮನುಷ್ಯನೂ ಓದಬಹುದು, ಯಂತ್ರಕ್ಕೂ ಓದಿಸಬಹುದು. ಕಯ್ಯಾರ ಕಿಞ್ಞಣ್ಣ ರೈಗಳು ಅಗಲಿದುದು 2015ರಲ್ಲಿ. ಅವರು ಬದುಕಿದ್ದಾಗ ಬೆಳಕು ಕಂಡ ಕೃತಿಗಳ ಹಕ್ಕು 2075ರ ಕೊನೆಯ ತನಕ ಇರುತ್ತದೆ. ಅಂಥ ಕೃತಿಯನ್ನು ಯಂತ್ರಕ್ಕೆ ಉಣಿಸಬೇಕಾದರೆ ಹಕ್ಕುದಾರರ ಅಪ್ಪಣೆ ಬೇಡವೇ?

ಅಮೇರಿಕದ ಒಂದು ಮೊಕದ್ದಮೆ ಇಲ್ಲಿ ಗಮನಾರ್ಹ. ಆಂತ್ರೋಪಿಕ್ ಎಂಬ ಕಂಪೆನಿಯ ಮೇಲೆ ಲೇಖಕರು ಹೂಡಿದ ದಾವೆಯಲ್ಲಿ 2025ರ ಜೂನ್ ತಿಂಗಳಲ್ಲಿ ನ್ಯಾಯಾಧೀಶರು ಎರಡು ಮಾತು ಹೇಳಿದರು. ಪುಸ್ತಕಗಳಿಂದ ಯಂತ್ರಕ್ಕೆ ಕಲಿಸುವುದು ನ್ಯಾಯೋಚಿತ ಬಳಕೆ. ಆದರೆ ಕಳ್ಳಪ್ರತಿಗಳನ್ನು ಕೂಡಿಹಾಕಿ ಗ್ರಂಥಾಲಯ ಮಾಡಿಕೊಳ್ಳುವುದಕ್ಕೆ ಆ ರಕ್ಷಣೆ ಇಲ್ಲ. ಬಳಿಕ ಕಂಪೆನಿಯು 150 ಕೋಟಿ ಡಾಲರ್ ಕೊಡಲು ರಾಜಿಯಾಯಿತು. ಒಂದು ಪುಸ್ತಕಕ್ಕೆ ಸುಮಾರು 3,000 ಡಾಲರ್. ಆದರೆ ಅಮೇರಿಕದ ಕೃತಿಸ್ವಾಮ್ಯ ಕಚೇರಿಯಲ್ಲಿ ಸಕಾಲದಲ್ಲಿ ನೋಂದಣಿಯಾದ ಪುಸ್ತಕಗಳಿಗೆ ಮಾತ್ರ ಈ ಹಣ. ಸಣ್ಣ ಭಾಷೆಯ ಲೇಖಕನಿಗೆ ಇದರಲ್ಲಿ ಪಾಠವಿದೆ: ಹಕ್ಕು ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರೂ ಇರಬೇಕು.

ನಮ್ಮಲ್ಲಿ 2024ರ ನವೆಂಬರಿನಲ್ಲಿ ಎ.ಎನ್.ಐ. ಸುದ್ದಿಸಂಸ್ಥೆಯು ಓಪನ್ ಎ.ಐ. ಕಂಪೆನಿಯ ವಿರುದ್ಧ ದಿಲ್ಲಿ ಹೈಕೋರ್ಟಿನಲ್ಲಿ ದಾವೆ ಹೂಡಿತು. 2025ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರದ ಸಮಿತಿಯೊಂದು ಬೇರೊಂದು ದಾರಿ ಸೂಚಿಸಿತು. ನ್ಯಾಯವಾಗಿ ದೊರೆತ ಕೃತಿಗಳನ್ನೆಲ್ಲ ಕಂಪೆನಿಗಳು ಬಳಸಲಿ, ಲೇಖಕರು ತಡೆಯುವಂತಿಲ್ಲ. ಬದಲಿಗೆ ಗೌರವಧನ ಕೊಡಬೇಕು ಎಂಬುದೇ ಆ ಸೂಚನೆ. ಕೇಳಲು ಹಿತವಾಗಿದೆ. ಆದರೆ ಆ ಗೌರವಧನ ಹಂಚುವಾಗ ಗಡಿನಾಡಿನ ಕನ್ನಡ ಕವಿಯ ವಿಳಾಸ ಹುಡುಕುವವರು ಯಾರು?

ನಾವೇ ಸಿದ್ಧರಾಗಿರುವುದು ಜಾಣತನ. ನಮ್ಮ ದೇಶದಲ್ಲಿ ನೋಂದಣಿ ಇಲ್ಲದೆಯೂ ಕೃತಿಸ್ವಾಮ್ಯ ಉಂಟು. ಆದರೆ ಪುರಾವೆ ಬೇಕು. ಹಸ್ತಪ್ರತಿ, ಪ್ರಕಟವಾದ ಪತ್ರಿಕೆಯ ಪ್ರತಿ, ಪ್ರಕಾಶಕರ ಕರಾರುಪತ್ರಗಳನ್ನು ಜೋಪಾನ ಮಾಡಬೇಕು. ಹಕ್ಕು ಬಿಟ್ಟುಕೊಟ್ಟ ಕರಾರಿನಲ್ಲಿ ಅವಧಿ ಹೇಳದಿದ್ದರೆ ಅದು 5 ವರ್ಷಕ್ಕೆ ಮಾತ್ರವೆಂದೇ ಕಾಯಿದೆ ಹೇಳುತ್ತದೆ. ಇದನ್ನು ಅರಿತವರು ಕಡಿಮೆ. ತಂದೆ, ಅಜ್ಜಂದಿರು ಕವಿಗಳೋ ಅರ್ಥಧಾರಿಗಳೋ ಆಗಿದ್ದ ಮನೆಗಳು ನಮ್ಮಲ್ಲಿ ಅನೇಕ. ಅವರ ಬರಹ ಯಾವುದು, ಯಾವ ವರ್ಷದ್ದು, ಹಕ್ಕು ಯಾರಲ್ಲಿದೆ ಎಂಬ ಒಂದು ಪಟ್ಟಿಯನ್ನು ಮನೆಯವರು ಈಗಲೇ ಮಾಡಿಡುವುದು ಒಳ್ಳೆಯದು.